ಕಾನು ಕಡಿಯುವ ಮೊದಲು ಮಾಡಬೇಕಾದ ಲೆಕ್ಕ

ನಿಮ್ಮ ಪ್ರಶ್ನೆ ಇಷ್ಟು: ಸೊರಬದ ಕಡೆ ಊರ ಕಾನಿನ (ಊರು ಉಳಿಸಿಕೊಂಡು ಬಂದ ದಟ್ಟ ಹಸಿರು ಕಾಡು) ಒಂದು ತುಂಡು ಬೋಳಿಸಿ ಅಡಿಕೆ ಹಾಕುವ ಮಾತಿದೆ, ಮುಂದಿನ ಮಳೆಯೇ ಗೊತ್ತಿಲ್ಲದಾಗ ಕಾಡಿಗೆ ಬೆಲೆ ಕಟ್ಟುವುದು ಹೇಗೆ? ಕಡಿಯಲು ಕಾನೂನು ಬಿಡುತ್ತದೋ ಇಲ್ಲವೋ ಅದು ಬೇರೆ ಮಾತು. ಲೆಕ್ಕ ಮಾತ್ರ ಹೇಳುತ್ತೇನೆ.

ಕೈಗೆ ಸಿಗುವುದನ್ನು ಮೊದಲು ಎಣಿಸಿ. ಸೊಪ್ಪು, ದರಗು (ಒಣಗಿ ಉದುರಿದ ಎಲೆ) ವರ್ಷಕ್ಕೆ ಎಷ್ಟು ಹೊರೆ, ಅದರ ಬದಲು ಗೊಬ್ಬರ ಕೊಂಡರೆ ಎಷ್ಟು. ಉಪ್ಪಾಗೆಗೆ (ಹುಳಿಸಿಪ್ಪೆಯ ಕಾಡುಹಣ್ಣು) ಒಣಸಿಪ್ಪೆಯ ದರ ಹಿಡಿದು ಕೊಯ್ಲಿನ ಕೂಲಿ, ಒಣಗಿಸುವ ಸೌದೆ ಕಳೆಯಿರಿ. ಸೊಪ್ಪಿನ ಬೆಲೆಯನ್ನೂ ಹಾಕಿ, ಆ ಸೊಪ್ಪಿನಿಂದ ಹೆಚ್ಚಿದ ಫಸಲನ್ನೂ ಹಾಕಿದರೆ ಒಂದೇ ಬಾಬ್ತು ಎರಡು ಸಲ ಬಂತು. ಕಾನಿನ ಬುಡದ ಹಳ್ಳಕ್ಕೆ ಬದಲಿ ಬೋರ್‌ವೆಲ್‌ನ ಖರ್ಚು ಹಿಡಿಯುವುದು ರೂಢಿ. ಆದರೆ ಮೂರು ಕೊರೆಸಿದರೆ ಒಂದಕ್ಕೆ ನೀರು ಬೀಳುವ ಜಾಗದಲ್ಲಿ ಮೂರರ ಖರ್ಚೂ ಬರೆಯಬೇಕು.

ಎಡವುವುದು ಇದರ ನಂತರ. ಅಂಕಿಗಳು ಉದಾಹರಣೆಗೆ ಮಾತ್ರ, ಎಕರೆಗೆ, ಇವತ್ತಿನ ಬೆಲೆಯಲ್ಲಿ. ಈಗಲೇ ಕಡಿದರೆ ಒಟ್ಟು 10 ಲಕ್ಷ. ಉಳಿಸಿದರೆ ಮೊದಲ ಹತ್ತು ವರ್ಷಕ್ಕೆ 1 ಲಕ್ಷ. ಆಮೇಲೆ ಬೇಸಿಗೆ ಬಿಗಿಯಾದರೆ ಹಳ್ಳದ ದೆಸೆಯಿಂದ 14 ಲಕ್ಷ, ಇಲ್ಲವಾದರೆ 3 ಲಕ್ಷ. ಎರಡಕ್ಕೂ ಸಮ ಸಾಧ್ಯತೆ ಇಟ್ಟರೆ ಸರಾಸರಿ 8.5, ಒಟ್ಟು 9.5. ಕಡಿಯೋಣ ಎಂದಾಯಿತು.

ಆದರೆ ಉಳಿಸಿಕೊಂಡವನು ಹತ್ತು ವರ್ಷದ ನಂತರ ಇನ್ನೊಮ್ಮೆ ಯೋಚಿಸಬಹುದು. ಹಳ್ಳ ಬೇಕೆನಿಸಿದರೆ 14. ಬೇಡವಾದರೆ ಆಗ ಕಡಿದು, ತಡವಾದ್ದರಿಂದ, 7. ಸರಾಸರಿ 10.5, ಮೊದಲಿನ 1 ಸೇರಿ 11.5. ಈ ಹೆಚ್ಚಿನ 2 ಲಕ್ಷವನ್ನೇ ಕ್ವಾಸಿ ಆಪ್ಷನ್ ವ್ಯಾಲ್ಯೂ, ಅಂದರೆ ಕಾದು ನೋಡಿ ನಿರ್ಧರಿಸುವ ಅವಕಾಶದ ಬೆಲೆ, ಎನ್ನುವುದು. ಅರ್ಥಶಾಸ್ತ್ರಜ್ಞರಾದ ಆ್ಯರೋ ಮತ್ತು ಫಿಶರ್ 1974ರಲ್ಲಿ ತೋರಿಸಿದ್ದು. ಸಾಧ್ಯತೆ ಸರಿಯಾಗಿ ಗೊತ್ತಿಲ್ಲ ಅಂತ ಜಗಳವಾಡುವ ಬದಲು ತಿರುಗಿಸಿ ಕೇಳಿ: ಬೇಸಿಗೆ ಬಿಗಿಯಾಗುವ ಸಾಧ್ಯತೆ ಎಷ್ಟಿದ್ದರೆ ಕಡಿಯುವುದಕ್ಕೂ ಉಳಿಸುವುದಕ್ಕೂ ತಕ್ಕಡಿ ಸಮ? ಸರಾಸರಿ ಲೆಕ್ಕದಲ್ಲಿ ಶೇ. 55 ಬೇಕು. ಕಾಯುವ ಲೆಕ್ಕದಲ್ಲಿ ಶೇ. 29 ಸಾಕು.

ಕಾಯುವಾಗ ಏನಾದರೂ ತಿಳಿದುಕೊಂಡರೆ ಮಾತ್ರ ಆ 2 ಲಕ್ಷ. ಹಾಗಾಗಿ ಜನವರಿಯಿಂದ ಮೇವರೆಗೆ ವಾರಕ್ಕೊಮ್ಮೆ ಹಳ್ಳ ಅಳೆಯಿರಿ. ದಬ್ಬೆ (ಸೀಳಿದ ಅಡಿಕೆಮರದ ತೊಟ್ಟಿಲು ಕಾಲುವೆ) ಇಟ್ಟು ನೀರನ್ನೆಲ್ಲ ಒಂದೇ ಧಾರೆಗೆ ತನ್ನಿ. 10 ಲೀಟರಿನ ಬಕೆಟ್ 20 ಸೆಕೆಂಡಿಗೆ ತುಂಬಿದರೆ ದಿನಕ್ಕೆ 43,200 ಲೀಟರ್. ಪಕ್ಕದ ಬೋಳುಗುಡ್ಡದ ಹಳ್ಳವನ್ನೂ ಅಳೆಯಿರಿ, ಇಲ್ಲದಿದ್ದರೆ ವ್ಯತ್ಯಾಸ ಕಾನಿನದೋ ಮಳೆಯದೋ ಹೇಳಲಾಗದು.

ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ಬಡ್ಡಿದರದಲ್ಲೂ ಸರಾಸರಿಯ ಆಟವಿದೆ. 50 ವರ್ಷದಾಚೆಯ 1 ಲಕ್ಷ, ಶೇ. 4ರಲ್ಲಿ ಇವತ್ತಿಗೆ ಸುಮಾರು 14,070 ರೂಪಾಯಿ, ಶೇ. 10ರಲ್ಲಿ ಬರೀ 852. ಯಾವುದು ಸರಿ ಗೊತ್ತಿಲ್ಲವೆಂದು ಶೇ. 7 ಹಿಡಿದರೆ 3,395. ಸರಾಸರಿ ತೆಗೆಯಬೇಕಾದ್ದು ದರದ್ದಲ್ಲ, ಮೊದಲಿನ ಎರಡು ಮೊತ್ತಗಳದ್ದು: 7,461.

ಸರ್ಕಾರಿ ದರ ಹಿಡಿದರೆ ಸಾಲದೇ ಎಂದೂ ಕೇಳಿದ್ದೀರಿ. ಸುಪ್ರೀಂ ಕೋರ್ಟ್ 2008ರಲ್ಲಿ ಒಪ್ಪಿದ ಎನ್‌ಪಿವಿ (ಕಾಡನ್ನು ಬೇರೆ ಕೆಲಸಕ್ಕೆ ಕೊಡುವಾಗ ಕಟ್ಟಿಸಿಕೊಳ್ಳುವ ನಿವ್ವಳ ಪ್ರಸ್ತುತ ಮೌಲ್ಯ) ಹೆಕ್ಟೇರಿಗೆ 4.38ರಿಂದ 10.43 ಲಕ್ಷ, 2022ರಲ್ಲಿ ಏರಿಸಿದ್ದಾರೆ. ಅದು ಕಾಡಿನ ವರ್ಗ ನೋಡಿ ಹಾಕಿದ ದರ, ನಿಮ್ಮ ಹಳ್ಳ ಅದರಲ್ಲಿಲ್ಲ.

ಆ ತುಂಡಿನಲ್ಲಿ ರಾಮಪತ್ರೆ ಜಡ್ಡಿ (ರಾಮಪತ್ರೆ ಜಾತಿಯ ಮರಗಳ ಜೌಗು) ಇದ್ದರೆ ಮಾತ್ರ ಇದ್ಯಾವುದೂ ಬೇಡ. ಅದಕ್ಕೆ ಬೆಲೆ ಕಟ್ಟಿ ತೂಗುವುದಲ್ಲ, ಬಿಟ್ಟುಬಿಡುವುದೇ. ಜಡ್ಡಿ ಎಷ್ಟು ಗುಂಟೆ, ಅಷ್ಟು ಬಿಟ್ಟರೆ ಎಷ್ಟು ಅಡಿಕೆಮರ ಕಡಿಮೆಯಾಗುತ್ತವೆ ಎಂದಷ್ಟೇ ಎಣಿಸಿ.