ಬೆರಳು ಬಾಗಿಲ ಸಂದಿಗೆ ಸಿಕ್ಕಲಿಲ್ಲ

ಪತ್ರ: ನನ್ನ ಮಗಳು ಒಂಬತ್ತನೇ ತರಗತಿ. ಹಟ ಹಿಡಿದು ಅಂಗಡಿಯಿಂದ ಎರಡು ಬಿಳಿ ಇಲಿಗಳನ್ನು ತಂದು ಸಾಕುತ್ತಿದ್ದಾಳೆ. ಕಳೆದ ವಾರ ಒಂದು ಇಲಿ ಅವಳ ಬೆರಳು ಕಚ್ಚಿತು. ಎರಡು ದಿನದಲ್ಲಿ ಗಾಯ ಮಾಯಿತು. ಅತ್ತೆಯವರಿಗೆ ಗೊತ್ತಾದರೆ ರಂಪವಾಗುತ್ತದೆಂದು, ಬೆರಳು ಬಾಗಿಲ ಸಂದಿಗೆ ಸಿಕ್ಕಿತೆಂದು ಹೇಳಿದ್ದೇವೆ. ಇಲಿಯಿಂದ ಪ್ಲೇಗು ಬರುತ್ತದೆಂದು ಅವರಿಗೆ ಮೊದಲಿನಿಂದಲೂ ಭಯ. ಇಲಿ ಸಾಕುವುದು ಅಷ್ಟು ಅಪಾಯವೇ? ಊರಾಚೆ ಯಾವುದಾದರೂ ತೋಟದಲ್ಲಿ ಬಿಟ್ಟುಬರೋಣವೇ? ದಯವಿಟ್ಟು ನನ್ನ ಹೆಸರು ಹಾಕಬೇಡಿ, ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆ.
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಸೋದರಿ, ನಿಮ್ಮ ಹೆಸರು ಹಾಕಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇಲಿಯಲ್ಲ, ಆ ಬಾಗಿಲ ಸಂದಿ.

ಮೊದಲು ನಿಮ್ಮ ಅತ್ತೆಯವರ ಮಾತು. ಅವರ ಭಯಕ್ಕೆ ಬೇರಿದೆ. 1898ರಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆ ನಗರದ ನಕಾಶೆಯನ್ನೇ ಬದಲಿಸಿತು. ಬಸವನಗುಡಿ, ಮಲ್ಲೇಶ್ವರದಂಥ ಅಗಲವಾದ ರಸ್ತೆಗಳ ಬಡಾವಣೆಗಳು ಆ ಭಯದಲ್ಲೇ ಬೇಗ ಬೆಳೆದವು. ನನ್ನ ಅಜ್ಜಿಯ ಬಾಯಲ್ಲಿ ‘ಇಲಿ ಬಿತ್ತು’ ಎಂಬ ಎರಡು ಪದ ಕೇಳಿಯೇ ನಾನು ಬೆಳೆದವನು. ಅಟ್ಟದಿಂದ ಒಂದು ಇಲಿ ಸತ್ತು ಬಿದ್ದರೆ ಸಾಕು, ಊರಿಗೆ ಊರೇ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಆದರೆ ಸಾಕಿದ ಇಲಿಗೂ ಪ್ಲೇಗಿಗೂ ನಂಟು ಹಚ್ಚಬೇಕಾಗಿಲ್ಲ. ಪ್ಲೇಗನ್ನು ಹರಡುವುದು ಹೊರಗಿನ ಸೋಂಕಿದ ಮನೆಯಿಲಿ, ಕಾಡಿಲಿಗಳ ಮೈಮೇಲಿನ ಚಿಗಟ. ನಮ್ಮ ರಾಜ್ಯದಲ್ಲಿ ಆ ಕಾಯಿಲೆ ಕೊನೆಗೆ ಕಾಣಿಸಿಕೊಂಡದ್ದು 1966ರಲ್ಲಿ, ಮುಳಬಾಗಿಲಿನಲ್ಲಿ. ಪಂಜರದಲ್ಲೇ ಹುಟ್ಟಿ ಪಂಜರದಲ್ಲೇ ಬೆಳೆದ ಎರಡು ಬಿಳಿ ಇಲಿಗಳು ಅದನ್ನು ದಾವಣಗೆರೆಗೆ ತರುವುದಿಲ್ಲ.

ಅಜ್ಜಿ ಹೇಳುತ್ತಿದ್ದ ಇನ್ನೊಂದು ಸಂಗತಿ ಈಗ ಹೆಚ್ಚು ಮುಖ್ಯವೆನಿಸುತ್ತದೆ. ಪ್ಲೇಗಿನ ಗಡ್ಡೆ ಎದ್ದವರನ್ನು ಮನೆಯವರು ಬಚ್ಚಿಡುತ್ತಿದ್ದರಂತೆ. ಸರ್ಕಾರದ ಜನ ಬಂದು ಶೆಡ್ಡಿಗೆ ಎಳೆದೊಯ್ಯುತ್ತಾರೆಂಬ ಭಯಕ್ಕೆ ಹಗೇವಿನಲ್ಲಿ, ಒಲೆಯ ಹಿಂದೆ, ಕೊಟ್ಟಿಗೆಯಲ್ಲಿ ಅಡಗಿಸುತ್ತಿದ್ದರಂತೆ. ರಾತ್ರೋರಾತ್ರಿ ಹೆಣ ಹೂಳುತ್ತಿದ್ದರಂತೆ. ಬಚ್ಚಿಟ್ಟ ಮನೆಯಲ್ಲಿ ಒಬ್ಬರ ಬದಲು ಐವರು ಹೋದರು.

ಈಗ ನಿಮ್ಮ ಮಗಳ ಬೆರಳಿಗೆ ಬರುತ್ತೇನೆ. ಇಲಿ ಕಡಿತದ ಜ್ವರ ಎಂದೇ ಕರೆಯುವ ಒಂದು ಕಾಯಿಲೆಯಿದೆ. ಸ್ಟ್ರೆಪ್ಟೊಬ್ಯಾಸಿಲಸ್ ಮೊನಿಲಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಇಲಿಯ ಮೂಗು, ಗಂಟಲಿನಲ್ಲೂ ನೆಮ್ಮದಿಯಾಗಿ ಇರುತ್ತದೆ. ಇಲಿಗೆ ಏನೂ ಆಗುವುದಿಲ್ಲ, ನೋಡಿದರೆ ತಿಳಿಯುವುದೂ ಇಲ್ಲ. ಕಚ್ಚಿದ ಅಥವಾ ಪರಚಿದ ಮೂರರಿಂದ ಹತ್ತು ದಿನಕ್ಕೆ, ಕೆಲವೊಮ್ಮೆ ಮೂರು ವಾರಕ್ಕೆ, ಚಳಿಜ್ವರ, ವಾಂತಿ, ತಲೆನೋವು, ಕೀಲುನೋವು ಶುರುವಾಗುತ್ತವೆ. ಅಂಗೈ ಅಂಗಾಲುಗಳಲ್ಲಿ ಗುಳ್ಳೆ ಏಳಬಹುದು. ಅಷ್ಟರಲ್ಲಿ ಗಾಯ ಮಾಯ್ದು, ಕಚ್ಚಿದ್ದೇ ಮರೆತುಹೋಗಿರುತ್ತದೆ. ನಮ್ಮ ಏಷ್ಯಾದಲ್ಲಿ ಹೆಚ್ಚಾಗಿ ಕಾಣುವ ಇದರ ಇನ್ನೊಂದು ಬಗೆಯಲ್ಲಿ ಮಾಯ್ದ ಗಾಯವೇ ಮತ್ತೆ ಊದಿಕೊಂಡು, ಜ್ವರ ಬಿಟ್ಟು ಬಿಟ್ಟು ಬರುತ್ತದೆ. ಎರಡಕ್ಕೂ ಪೆನಿಸಿಲಿನ್ ಮದ್ದು. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಒಬ್ಬರ ಜೀವ ಹೋಗಬಹುದು.

2013ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಹೀಗೆಯೇ ತೀರಿಕೊಂಡ. ಹೊಸ ಇಲಿ ಮನೆಗೆ ಬಂದು ಕೆಲವೇ ದಿನಗಳಾಗಿದ್ದವು. ಜ್ವರ, ವಾಂತಿ ಎಂದು ವೈದ್ಯರಲ್ಲಿಗೆ ಕರೆದೊಯ್ದರೆ ಹೊಟ್ಟೆಯ ವೈರಲ್ ಸೋಂಕು ಎಂದು ಮನೆಗೆ ಕಳಿಸಿದರು. ಮರುದಿನ ಕಾಯಿಲೆ ಉಲ್ಬಣಿಸಿತು. ಅಗ್ಗದ, ಎಲ್ಲೆಡೆ ಸಿಗುವ ಔಷಧಕ್ಕೆ ಬಗ್ಗುವ ಕಾಯಿಲೆ ಅದು.

ನಿಮ್ಮ ಮಗಳಿಗೆ ಜ್ವರ ಬಂದು, ನೀವು ವೈದ್ಯರ ಮುಂದೆಯೂ ಬಾಗಿಲ ಸಂದಿ ಎಂದಿದ್ದರೆ? ನಿಮ್ಮನ್ನು ಹೆದರಿಸಲು ಕೇಳುತ್ತಿಲ್ಲ. ಇಂಥದ್ದೇ ನನ್ನ ಮನೆಯಲ್ಲೂ ನಡೆದಿದೆ. ಮಳೆಗಾಲದಲ್ಲಿ ಅಡಿಕೆ ತೋಟದ ಕಪ್ಪು, ಅಂದರೆ ನೀರು ಹರಿಯುವ ಕಾಲುವೆ, ಬಿಡಿಸಿದ ನನ್ನ ಭಾವನಿಗೆ ಜ್ವರ ಬಂತು, ಮೀನಖಂಡ ಹಿಡಿದುಕೊಂಡಿತು, ಕಣ್ಣು ಕೆಂಪಾಯಿತು. ವೈದ್ಯರು ಕೇಳಲಿಲ್ಲ, ಇವರು ಹೇಳಲಿಲ್ಲ. ಐದು ದಿನ ಜ್ವರದ ಮಾತ್ರೆ ನುಂಗಿದರು. ಆರನೆಯ ದಿನ ಮೂತ್ರ ಕಟ್ಟಿ, ದೊಡ್ಡ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಯಿತು. ಕಾಲಿನ ಬಿರುಕಿಗೆ ಇಲಿಯ ಮೂತ್ರ ಬೆರೆತ ನೀರು ತಗುಲಿ ಬಂದ ಇಲಿ ಜ್ವರ ಅದು; ಕಡಿತದ ಜ್ವರವಲ್ಲ, ಲೆಪ್ಟೊಸ್ಪೈರೋಸಿಸ್ ಎಂಬ ಬೇರೆ ಕಾಯಿಲೆ. ಮೊದಲ ದಿನವೇ ಯಾರಾದರೂ ‘ಎಲ್ಲಿ ಕೆಲಸ ಮಾಡಿದಿರಿ?’ ಎಂದಿದ್ದರೆ ಡಾಕ್ಸಿಸೈಕ್ಲಿನ್‌ನಲ್ಲಿ ಮುಗಿಯುತ್ತಿತ್ತು. ಭಾವ ಉಳಿದುಕೊಂಡರು. ನನ್ನ ಸಿಟ್ಟೂ ಉಳಿದುಕೊಂಡಿದೆ.

ಜ್ಯೋತಿಷಿಯ ಮುಂದೆ ಕೂತರೆ ಹುಟ್ಟಿದ ಗಳಿಗೆಯಿಂದ ಹಿಡಿದು ಎಲ್ಲವನ್ನೂ ಬಿಚ್ಚಿಡುವ ನಾವು, ವೈದ್ಯರ ಮುಂದೆ ಅರ್ಧ ನುಂಗುತ್ತೇವೆ. ಕುಡಿಯುವುದನ್ನು ಮುಚ್ಚಿಡುತ್ತೇವೆ, ನಾಟಿ ಔಷಧ ತಿಂದದ್ದನ್ನು ಮುಚ್ಚಿಡುತ್ತೇವೆ. ಅತ್ತ ಆಸ್ಪತ್ರೆಯ ಕಾಗದದಲ್ಲಿ ವಿಮೆಯ ಸಂಖ್ಯೆಗೆ ಜಾಗವಿರುತ್ತದೆ, ಮನೆಯಲ್ಲಿ ಯಾವ ಪ್ರಾಣಿ ಇದೆ ಎಂಬ ಪ್ರಶ್ನೆಗೆ ಒಂದು ಗೆರೆ ಇರುವುದಿಲ್ಲ. ಇಲಿ ಕಚ್ಚಿದೆ ಎಂದರೂ ರೇಬೀಸ್ ಲಸಿಕೆ ಬೇಕೇ ಎಂಬಲ್ಲಿಗೆ ಮಾತು ನಿಲ್ಲುವುದುಂಟು. ಇಲಿ ಕಡಿತಕ್ಕೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಬೇಡ ಎಂದ ಕೂಡಲೇ ಎಲ್ಲರೂ ಎದ್ದು ಬರುತ್ತಾರೆ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತು, ಜ್ವರ ಬಂದರೆ ಏನು ಮಾಡಬೇಕು ಎಂಬುದನ್ನು ಕೇಳಿ ತಿಳಿದುಕೊಂಡೇ ಏಳಬೇಕು.

ಇಷ್ಟು ಹೇಳಿದ ಮೇಲೂ, ಇಲಿಗಳನ್ನು ಹೊರಹಾಕಿ ಎಂದು ನಾನು ಹೇಳುವುದಿಲ್ಲ. ಎರಡನ್ನು ತಂದದ್ದೇ ನಿಮ್ಮ ಮಗಳ ಜಾಣತನ, ಏಕೆಂದರೆ ಒಂಟಿ ಇಲಿ ಕೊರಗುತ್ತದೆ. ಕರೆದರೆ ಬರುವ, ಕೈ ಗುರುತಿಸುವ ಪ್ರಾಣಿ ಅದು. ಆದರೆ ಗಂಡೊಂದು ಹೆಣ್ಣೊಂದು ಆಗಿದ್ದರೆ ಇವತ್ತೇ ಬೇರೆ ಮಾಡಿ. ಮೂರು ವಾರ ಗರ್ಭ, ಒಂದು ಸೂಲಿಗೆ ಎಂಟು ಹತ್ತು ಮರಿ, ಆ ಮರಿಗಳೂ ಐದಾರು ವಾರಕ್ಕೆ ಪ್ರಾಯಕ್ಕೆ ಬರುತ್ತವೆ. ಪಂಜರದ ಹಾಸು ಒದ್ದೆಯಾಗಿ ಮೂಗಿಗೆ ಘಾಟು ಹೊಡೆಯುತ್ತಿದ್ದರೆ ಆ ಅಮೋನಿಯಾ ಇಲಿಯ ಶ್ವಾಸಕೋಶವನ್ನು ಕೆಡಿಸುತ್ತಿದೆ ಎಂದರ್ಥ. ಕಣ್ಣು ಮೂಗಿನ ಸುತ್ತ ಕೆಂಪು ಕಂಡರೆ ರಕ್ತವೆಂದು ಗಾಬರಿ ಬೇಡ. ಅದು ಇಲಿಯ ಕಣ್ಣೀರಿನ ಬಣ್ಣ. ಆದರೆ ಇಲಿಗೆ ಏನೋ ತೊಂದರೆಯಾಗಿದೆ ಎಂಬುದರ ಗುರುತೂ ಹೌದು. ಬೆವರಲಾರದ ಈ ಜೀವ ಮೈಯ ಕಾವಿನ ಒಂದು ಪಾಲನ್ನು ಬಾಲದಿಂದ ಕಳೆಯಬೇಕು. ನಿಮ್ಮ ಊರಿನ ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಪಂಜರ ಇಟ್ಟರೆ ಸಂಜೆಯೊಳಗೆ ಸಾಯಬಹುದು. ಪಂಜರ ಅಡುಗೆಮನೆಯಲ್ಲಿ ಬೇಡ, ಅಲ್ಲಿನ ತೊಟ್ಟಿಯಲ್ಲಿ ತೊಳೆಯುವುದೂ ಬೇಡ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ, ಇಲಿಗೆ ಮುತ್ತು ಕೊಡದಿರಲಿ. ಹಿತ್ತಲಿನ ಇಲಿ, ಹೆಗ್ಗಣಗಳು ರಾತ್ರಿ ಕಾಳಿನಾಸೆಗೆ ಪಂಜರದ ಬಳಿ ಸುಳಿಯದಂತೆ ನೋಡಿಕೊಳ್ಳಿ. ಇಲಿ ಜ್ವರ ಸಾಕಿದ ಇಲಿಗೆ ಬರುವ ದಾರಿ ಅದು. ಮನೆಯಲ್ಲಿ ಐದು ವರ್ಷದೊಳಗಿನ ಮಗುವೋ, ಗರ್ಭಿಣಿಯೋ, ರೋಗನಿರೋಧಕ ಶಕ್ತಿ ಕುಂದಿದವರೋ ಇದ್ದರೆ ಮಾತ್ರ ಸಾಕಲೇಬೇಡಿ ಎನ್ನುತ್ತೇನೆ.

ಇಲಿಯ ಆಯಸ್ಸು ಎರಡು ಮೂರು ವರ್ಷ. ಅಂದರೆ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಇವುಗಳ ಬಾಳಿನ ನಡುವೆಯೇ ಬರುತ್ತದೆ. ಆ ಮಾರ್ಚ್ ತಿಂಗಳಲ್ಲಿ ಪಂಜರ ತೊಳೆಯುವವರು ಯಾರು ಎಂಬುದನ್ನು ಈಗಲೇ ಮಗಳ ಬಾಯಿಂದ ಕೇಳಿಸಿಕೊಳ್ಳಿ.

ಅಂಗಡಿಯವನು ಇದರಲ್ಲಿ ಒಂದು ಮಾತನ್ನಾದರೂ ಹೇಳಿದನೇ? ಹೇಳಿರಲಾರ. ಸಾಕುಪ್ರಾಣಿ ಅಂಗಡಿಗಳ ನೋಂದಣಿಗೆ 2018ರಿಂದ ನಿಯಮವಿದೆ. ಆದರೂ ರಟ್ಟಿನ ಪೆಟ್ಟಿಗೆಗೆ ಎರಡು ತೂತು ಕೊರೆದು ಜೀವವನ್ನು ಕೈಗಿಡುವವರೇ ಹೆಚ್ಚು. ಎಲ್ಲಿಂದ ಬಂತು, ಯಾವುದರ ಜೊತೆ ಇತ್ತು ಎಂದು ತಿಳಿಯುವುದು ಅತಿ ಮಡಿಯಲ್ಲ. 2003ರಲ್ಲಿ ಘಾನಾದಿಂದ ಅಮೆರಿಕಕ್ಕೆ ತಂದ ಕೆನ್ನೆಚೀಲದ ದೊಡ್ಡ ಇಲಿಗಳಿಂದ ಮಾರಾಟದ ಪ್ರೇರಿ ನಾಯಿ ಎಂಬ ಅಳಿಲಿನ ಜಾತಿಯ ಪ್ರಾಣಿಗಳಿಗೆ ಮಂಗನ ಸಿಡುಬು ಹತ್ತಿ, ಅಲ್ಲಿಂದ ಆರು ರಾಜ್ಯಗಳ 47 ಜನರಿಗೆ ಬಂತು. 2017ರಲ್ಲಿ ಅಲ್ಲಿಯೇ ಇಲಿ ಸಾಕಿ ಮಾರುವವರ ಮನೆಗಳಿಂದ, ಮನುಷ್ಯರಿಗೆ ಜ್ವರ ತರುವ ಸಿಯೋಲ್ ವೈರಸ್ ಹಲವು ರಾಜ್ಯಗಳಿಗೆ ಹಬ್ಬಿತು. ಆ ಇಲಿಗಳು ಕಾಯಿಲೆ ಬಿದ್ದಂತೆ ಕಾಣಲೇ ಇಲ್ಲ.

ತೋಟದಲ್ಲಿ ಬಿಡುವ ಯೋಚನೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ಬಿಳಿ ಮೈ, ಮಂದ ಕಣ್ಣು, ತಟ್ಟೆಯಲ್ಲಿ ತಿಂದ ಅಭ್ಯಾಸ. ಕಾಗೆಯೋ ಬೆಕ್ಕೋ ಕಂಡ ಕೂಡಲೇ ಅವುಗಳ ಕಥೆ ಮುಗಿಯುತ್ತದೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ತಳ್ಳಿ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಸಾಕಲು ಆಗದಿದ್ದರೆ ಸಾಕಬಲ್ಲವರನ್ನು ಹುಡುಕಿ ಕೊಡಿ, ಕೊಡುವಾಗ ಕಚ್ಚಿದ್ದನ್ನೂ ಹೇಳಿ ಕೊಡಿ.

ಪತ್ರ ಕೈಸೇರಿದ ದಿನವೇ ನಿಮಗೆ ಫೋನ್ ಮಾಡಿದ್ದೆ, ಏಕೆಂದರೆ ಈ ಸಂಚಿಕೆ ಅಚ್ಚಾಗುವಷ್ಟರಲ್ಲಿ ಜ್ವರ ಬರಬಹುದಾದ ಆ ಮೂರು ವಾರ ಕಳೆದುಹೋಗುತ್ತಿತ್ತು. ಮಗಳಿಗೆ ಜ್ವರವಿಲ್ಲ, ಸಂಜೆಯೇ ವೈದ್ಯರಿಗೆ ತೋರಿಸುತ್ತೇನೆ ಎಂದಿರಿ. ತೋರಿಸಿ, ಕಚ್ಚಿದ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಂಡಿರೆಂದೂ ಆಮೇಲೆ ತಿಳಿಸಿದಿರಿ. ಅತ್ತೆಯವರಿಗೆ ಮಾತ್ರ ಇನ್ನೂ ಹೇಳಿಲ್ಲ, ಅವರು ನಮ್ಮ ಪತ್ರಿಕೆಯನ್ನು ತಪ್ಪದೆ ಓದಿಸಿಕೊಂಡು ಕೇಳುತ್ತಾರೆ ಎಂದಿರಿ. ಈ ಪುಟವನ್ನು ಬಿಟ್ಟು ಓದಬೇಡಿ.