ಓದುಗರ ಪ್ರಶ್ನೆ: ನಡುಗಡ್ಡೆಯಿಂದ ಚುನಾವಣೆಗೆ

ಪ್ರಶ್ನೆ: ನಮ್ಮದು ಕೃಷ್ಣಾ ನದಿಯ ನಡುಗಡ್ಡೆ. ಹೊಳೆ ತುಂಬಿದರೆ ತೆಪ್ಪವೇ ಗತಿ. ಗ್ರಾಮ ಪಂಚಾಯಿತಿಗೆ ನಿಲ್ಲಬೇಕೆಂದಿದ್ದೇನೆ. ಸಿದ್ಧತೆ ಏನು? ಗೆದ್ದರೆ ಸೇತುವೆ ಮಾಡಿಸಬಹುದೇ?
– ಓದುಗರೊಬ್ಬರು, ರಾಯಚೂರು ತಾಲ್ಲೂಕು

ಉತ್ತರ: ನಿಮಗೆ 21 ವರ್ಷ ತುಂಬಿರಬೇಕು, ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಸೂಚಕರು ನೀವು ನಿಲ್ಲುವ ಕ್ಷೇತ್ರದ ಮತದಾರರೇ ಆಗಿರಬೇಕು. ಆಚೆ ದಡದ ಗೆಳೆಯರಿಂದ ಸಹಿ ಹಾಕಿಸಿದರೆ ನಾಮಪತ್ರ ತಿರಸ್ಕೃತವಾಗುತ್ತದೆ. ಠೇವಣಿ 200 ರೂಪಾಯಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ 100. ಪಕ್ಷದ ಚಿಹ್ನೆ ಇಲ್ಲಿಲ್ಲ. ಮೀಸಲು ಸ್ಥಾನವಾದರೆ ನಾಡಕಚೇರಿಯಿಂದ ಜಾತಿ ಪ್ರಮಾಣಪತ್ರವನ್ನು ಮೊದಲೇ ತನ್ನಿ. ಅದರಲ್ಲಿರುವ ಹೆಸರಿನ ಕಾಗುಣಿತ ಮತದಾರರ ಪಟ್ಟಿಯಲ್ಲಿರುವಂತೆಯೇ ಇದೆಯೇ ಎಂದು ಅಕ್ಷರಕ್ಕೆ ಅಕ್ಷರ ನೋಡಿ. ನಾಮಪತ್ರ ಕೊಡುವ ಕೊನೆಯ ದಿನದವರೆಗೆ ಕಾಯಬೇಡಿ. ನದಿ ನಿಮ್ಮ ವೇಳೆ ನೋಡಿ ಇಳಿಯುವುದಿಲ್ಲ.

ಸೇತುವೆ ಪಂಚಾಯಿತಿ ಸದಸ್ಯರ ಕೈಯಲ್ಲಿಲ್ಲ. ಅಷ್ಟು ಹಣ ರಾಜ್ಯ ಸರ್ಕಾರದಿಂದಲೇ ಬರಬೇಕು. ಮತ ಕೇಳುವಾಗ ಆ ಭರವಸೆ ಕೊಡಬೇಡಿ. ನಿಮ್ಮ ಕೈಯಲ್ಲಿರುವುದು ನಿಮ್ಮ ವಾರ್ಡಿನ ಮತದಾರರು ಸೇರುವ ವಾರ್ಡ್ ಸಭೆ, ಅದು ಸಣ್ಣದಲ್ಲ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಸೇರಿದರೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ. ಫಲಾನುಭವಿಗಳ ಪಟ್ಟಿ, ಕಾಮಗಾರಿಗಳ ಆದ್ಯತೆ ಇಲ್ಲಿಂದಲೇ ಗ್ರಾಮ ಸಭೆಗೆ ಹೋಗುತ್ತವೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟ ಮೇಲೆ ಆಚೆ ದಡದಲ್ಲಿ ಗ್ರಾಮ ಸಭೆ ಕರೆದರೆ ಗಡ್ಡೆಯವರು ಯಾರೂ ಹೋಗಲಾರರು, ನಿಮ್ಮ ಕೆಲಸಗಳು ಪಟ್ಟಿಯಿಂದ ಬಿಟ್ಟುಹೋಗುತ್ತವೆ. ಆದ್ದರಿಂದ ಮಳೆಗಾಲಕ್ಕೆ ಮೊದಲೇ, ಗಡ್ಡೆಯಲ್ಲೇ ಸಭೆ ನಡೆಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಲೈಫ್ ಜಾಕೆಟ್, ದಡದ ಮೆಟ್ಟಿಲು, ಬೇಸಿಗೆಯಲ್ಲೇ ಪಡಿತರ ದಾಸ್ತಾನು, ಹೆರಿಗೆಗೆ ದಿನ ಹತ್ತಿರವಾದವರನ್ನು ಮೊದಲೇ ದಡ ದಾಟಿಸುವ ವ್ಯವಸ್ಥೆ: ಒಂದೊಂದಕ್ಕೂ ಬೇರೆ ಬೇರೆ ಠರಾವು ಬರೆಸಿ, ಓದಿಸಿ ಕೇಳಿದ ಮೇಲೇ ಸಹಿ ಹಾಕಿ. ನಕಲು ಕೈಗೆ ಬರುವವರೆಗೆ ಬಿಡಬೇಡಿ.

ಪ್ರಶ್ನೆ: ದ್ವೀಪದಿಂದ ಬಂದು ದೊಡ್ಡ ರಾಜಕಾರಣಿ ಆದವರು ಇದ್ದಾರೆಯೇ?

ಉತ್ತರ: ಲಕ್ಷದ್ವೀಪದ ಪಿ. ಎಂ. ಸಯೀದ್. ಆಂದ್ರೋತ್ ದ್ವೀಪದವರು, ಓದಿದ್ದು ಮಂಗಳೂರಿನಲ್ಲಿ, ಕಾನೂನು ಕಲಿತದ್ದು ಮುಂಬೈಯಲ್ಲಿ. ಲಕ್ಷದ್ವೀಪಕ್ಕೆ ವಿಧಾನಸಭೆಯಿಲ್ಲ, ಲೋಕಸಭೆಗೆ ಒಂದೇ ಸ್ಥಾನ. 1967ರವರೆಗೆ ಅದಕ್ಕೂ ರಾಷ್ಟ್ರಪತಿಯವರೇ ನಾಮಕರಣ ಮಾಡುತ್ತಿದ್ದರು. ಆ ವರ್ಷ ನಡೆದ ಮೊದಲ ಚುನಾವಣೆಯಲ್ಲಿ ಸಯೀದ್ ಪಕ್ಷೇತರರಾಗಿ ಗೆದ್ದರು. ಆಮೇಲೆ ಕಾಂಗ್ರೆಸ್‌ನಿಂದ ಗೆಲ್ಲುತ್ತಾ ಸತತ ಹತ್ತು ಸಲ ಸಂಸದರಾದರು. 1998ರಿಂದ 2004ರವರೆಗೆ ಲೋಕಸಭೆಯ ಉಪಸಭಾಧ್ಯಕ್ಷರಾಗಿದ್ದರು. 2004ರಲ್ಲಿ ಸೋತದ್ದು ಬರೀ 71 ಮತಗಳಿಂದ. ಆದರೂ ರಾಜ್ಯಸಭೆಯ ಮೂಲಕ ಕೇಂದ್ರದ ವಿದ್ಯುತ್ ಸಚಿವರಾದರು. ಸಂಸತ್ತಿನ ಚುನಾವಣೆಯೇ 71 ಮತದಲ್ಲಿ ತೀರ್ಮಾನವಾದರೆ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಿರುವ ನಿಮ್ಮಲ್ಲಿ ನಾಲ್ಕು ಮನೆ ಸಾಕು. ಮತದಾನದ ದಿನ ತೆಪ್ಪದ ಏರ್ಪಾಡು ಏನೆಂದು ಚುನಾವಣಾಧಿಕಾರಿಯನ್ನು ವಾರ ಮೊದಲೇ ಕೇಳಿಡಿ.

ಪ್ರಶ್ನೆ: ವಾರ್ತಾ ಇಲಾಖೆಯಲ್ಲಿ ನೌಕರಿಯಲ್ಲಿದ್ದುಕೊಂಡೇ ಸ್ಪರ್ಧಿಸಬಹುದೇ?

ಉತ್ತರ: ಆಗದು. ರಾಜೀನಾಮೆ ಕೊಟ್ಟರಷ್ಟೇ ಸಾಲದು, ಅದು ಅಂಗೀಕಾರವಾದ ಆದೇಶ ಕೈಗೆ ಬಂದ ಮೇಲೇ ನಾಮಪತ್ರ ಸಲ್ಲಿಸಿ.