ತುದಿ ಹತ್ತದೆ ಬಂದ ಹುಡುಗಿ

ಮುಂದೇನು ಓದಬೇಕು ಅಂತ ಮಕ್ಕಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಪಿಯು ರಿಸಲ್ಟ್ ಬಂತೆಂದರೆ ಇಂಥವರು ನಾಲ್ಕೈದು ಜನ ಬಂದೇ ಬರುತ್ತಾರೆ. "ನಂಗೆ ಟ್ರೆಕ್ಕಿಂಗ್ ಇಷ್ಟ, ಅದನ್ನೇ ಓದ್ಬೇಕು." ಹೋದ ವರ್ಷ ಒಬ್ಬ ಹುಡುಗನಿಗೆ ನಾನು ಹಿಂದೆಮುಂದೆ ನೋಡದೆ ಹೂಂ ಅಂದಿದ್ದೆ. ರೆಸಾರ್ಟ್ ಒಂದರಲ್ಲಿ ಕೆಲಸಕ್ಕೆ ಸೇರಿದವನು ಮೂರೇ ತಿಂಗಳಿಗೆ ವಾಪಸ್ ಬಂದ. "ದಸರಾಕ್ಕೂ ರಜೆ ಇಲ್ಲ ಮೇಡಂ, ಕಂಡವರ ಮಕ್ಕಳಿಗೆ ಹೆಲ್ಮೆಟ್ ಹಾಕಿಸೋದೇ ಆಯ್ತು." ಬೇರೆಯವರ ರಜೆಯೇ ಈ ಕೆಲಸದಲ್ಲಿರುವವರಿಗೆ ಕೆಲಸದ ದಿನ ಅಂತ ಅವನಿಗೆ ನಾನು ಹೇಳಿರಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಹಾಗಾಗಿ ಜನರನ್ನು ಟ್ರೆಕ್ಕಿಂಗ್, ಶಿಬಿರ ಅಂತ ಕರೆದೊಯ್ಯುವ ಕೆಲಸವೇ ಬೇಕು ಅಂತ ಈ ಹುಡುಗಿ ಅಪ್ಪನ ಜೊತೆ ಬಂದಾಗ ಹುಷಾರಾಗಿದ್ದೆ. ಅಪ್ಪ ಅಂಗಡಿ ಇಟ್ಟುಕೊಂಡವರು. ಕೂರುವ ಮೊದಲೇ ಕೇಳಿದರು: "ಆಟ ಆಡ್ಸೋಕೂ ಡಿಗ್ರಿ ಬೇಕಾ ಮೇಡಂ?"

ಅವರಿಗೆ ಉತ್ತರ ಕೊಡಲಿಲ್ಲ. ಯಾವುದಾದರೂ ಒಂದು ಟ್ರೆಕ್ ಹೇಳು ಅಂದೆ ಅವಳಿಗೆ. ಕುಮಾರ ಪರ್ವತದ್ದು ಶುರು ಮಾಡಿದಳು. ಕುಕ್ಕೆಯಿಂದ ಹೊರಟಿದ್ದು, ಮಳೆ, ಕಾಲಿಗೆಲ್ಲಾ ಇಂಬಳ. ಗಿರಿಗದ್ದೆ ಹತ್ತಿರ ಜೊತೆಗಿದ್ದ ಒಬ್ಬಳು ಸಾಕ್ಸ್ ತುಂಬಾ ರಕ್ತ ನೋಡಿ ಅಳುತ್ತಾ ಕೂತುಬಿಟ್ಟಳಂತೆ. ಇವಳೂ ಪಕ್ಕದಲ್ಲೇ ಕೂತು ಒಂದೊಂದೇ ಇಂಬಳ ಕೀಳುತ್ತಾ, ಎಣಿಸುವ ಕೆಲಸ ಅವಳಿಗೇ ಕೊಟ್ಟಳಂತೆ. ಹದಿನೇಳಕ್ಕೆ ಬರುವ ಹೊತ್ತಿಗೆ ಅವಳು ನಗುತ್ತಿದ್ದಳು.

"ಆಮೇಲೆ ತುದಿಗೆ ಹೋದ್ರಾ?"

"ಇಲ್ಲ ಮೇಡಂ. ಅವಳನ್ನ ಕೆಳಗೆ ಕರ್ಕೊಂಡು ಬಂದೆ." ಬೇಜಾರೇನೂ ಇರಲಿಲ್ಲ ಮಾತಲ್ಲಿ.

ಅಪ್ಪ ಮಗಳ ಕಡೆ ತಿರುಗಿದರು. ಅವರಿಗೆ ಈ ಕಥೆ ಗೊತ್ತೇ ಇರಲಿಲ್ಲ!

ನಾನು ಕೊಟ್ಟ ಸಲಹೆ ಇಷ್ಟು. ಅಮೆರಿಕದಲ್ಲಿ ಇರುವಂತೆ 'ಔಟ್‌ಡೋರ್ ರಿಕ್ರಿಯೇಶನ್' ಅನ್ನೋ ಹೆಸರಿನ ಡಿಗ್ರಿ ನಮ್ಮಲ್ಲಿ ಹುಡುಕುತ್ತಾ ಕೂರಬೇಡ. ಪ್ರವಾಸೋದ್ಯಮವೋ ಬಿಎಸ್ಸಿಯೋ, ಒಂದು ಡಿಗ್ರಿ ಮುಗಿಸು. ಸ್ಕೂಲಲ್ಲಿ ಪಿಟಿ ಟೀಚರ್ ಆಗಬೇಕು ಅನ್ನಿಸಿದರೆ ಆಮೇಲೆ 2 ವರ್ಷದ ಬಿಪಿಎಡ್ ಇದೆ. ಪರಿಸರದ ಹುಚ್ಚು ಹತ್ತಿದರೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ರೆಸಾರ್ಟ್‌ಗಳಂಥ ಕಡೆ ನ್ಯಾಚುರಲಿಸ್ಟ್ ಕೆಲಸವಿದೆ, ಅಂದರೆ ಬಂದವರಿಗೆ ಕಾಡು, ಪ್ರಾಣಿಗಳನ್ನು ತೋರಿಸಿ ವಿವರಿಸುವುದು. ಬೆಟ್ಟವೇ ಬೇಕು ಅಂದರೆ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ 28 ದಿನದ ಬೇಸಿಕ್ ಕೋರ್ಸ್. ಅದರಲ್ಲಿ ಎ ಗ್ರೇಡ್ ಬಂದರೆ ಮಾತ್ರ ಅಡ್ವಾನ್ಸ್ ಕೋರ್ಸಿಗೆ ದಾರಿ. ಆದರೆ ಇದೆಲ್ಲಕ್ಕೂ ಮುಂಚೆ ಒಂದು ಬೇಸಿಗೆ ಶಿಬಿರದಲ್ಲಿ ಕೆಲಸ ಮಾಡು, ಮಕ್ಕಳನ್ನು ನೋಡಿಕೋ, ಆಮೇಲೆ ಮಾತಾಡೋಣ.

ಸಹೋದ್ಯೋಗಿಯೊಬ್ಬರು "ನರ್ಸಿಂಗ್ ಅಂತ ಯಾಕೆ ಹೇಳ್ಲಿಲ್ಲ, ಸೇವೆ ಮಾಡೋ ಮನಸ್ಸಿದೆಯಲ್ಲ" ಅಂದರು. ಹೇಳಬಹುದಿತ್ತು. ಆದರೆ ಹೆದರಿದವರನ್ನು ನಗಿಸಿ ಎಬ್ಬಿಸುವ ಮಕ್ಕಳು ನನ್ನ ಟೇಬಲ್ ಮುಂದೆ ದಿನಾ ಬರುವುದಿಲ್ಲ. ಸಂಬಳ ಮೊದಮೊದಲು ಕಡಿಮೆ ಅಂತಲೂ ಅಪ್ಪನ ಎದುರೇ ಹೇಳಿದ್ದೇನೆ, ಮುಚ್ಚಿಟ್ಟಿಲ್ಲ.

ಶಿಬಿರಕ್ಕೆ ಹೋದ ಹತ್ತನೇ ದಿನ ಫೋನ್ ಬಂತು. ಯಾರು ಅಂತಲೇ ಗೊತ್ತಾಗಲಿಲ್ಲ, ಅಷ್ಟು ಗಂಟಲು ಕಟ್ಟಿತ್ತು.

"ಮೂವತ್ತೆರಡು ಮಕ್ಕಳು ಮೇಡಂ. ಅಪ್ಪಂಗೆ ಹೇಳ್ಬೇಡಿ, ವಾಪಸ್ ಬಾ ಅಂತಾರೆ."